ರಿಸೆಟ್ ಆಯ್ತು, ಡಿವೈಸ್ ಮಾತ್ರ ಕೆಲಸ ಮಾಡ್ತಿಲ್ಲ: ಕಳೆದುಹೋದ ಸೆಟ್ಟಿಂಗ್ ಹುಡುಕುವ ಕೈಪಿಡಿ

ಕಾರ್ಡ್ ಪಟ್ಟಿಯಲ್ಲಿ ಕಾಣುತ್ತಿದೆ. ಡ್ರೈವರ್ ಲೋಡ್ ಆಗಿದೆ. ರಿಸೆಟ್ ಸರಿಯಾಗಿ ಮುಗಿಯಿತು ಅಂತ ಲಾಗ್ ಕೂಡ ಹೇಳುತ್ತಿದೆ. ಆದರೂ ಒಂದು ಪ್ಯಾಕೆಟ್ ಹೋಗುತ್ತಿಲ್ಲ, ಸ್ಪೀಕರ್‌ನಿಂದ ಸದ್ದಿಲ್ಲ, ಸೆನ್ಸರ್ ಕೊಡುವ ಅಂಕಿಗೆ ಅರ್ಥವೇ ಇಲ್ಲ. ಡ್ರೈವರ್ ಬರೆಯುವವರಿಗೂ ಸರ್ವರ್ ನೋಡಿಕೊಳ್ಳುವವರಿಗೂ ಇದು ಗೊತ್ತಿರುವ ತಲೆನೋವೇ.

ಇಂಥ ಕಡೆ ಮೂಲ ಕಾರಣ ಹೆಚ್ಚಾಗಿ ಒಂದೇ ಇರುತ್ತದೆ. ಹಾರ್ಡ್‌ವೇರ್ ರಿಸೆಟ್ ಆದಾಗ ಚಿಪ್ ತನಗೆ ಹೇಳಿಕೊಟ್ಟದ್ದನ್ನು ಮರೆಯುತ್ತದೆ. ಯಾವ ವಿಳಾಸಕ್ಕೆ ಉತ್ತರ ಕೊಡಬೇಕು, ಇಂಟರಪ್ಟ್ (ಸಿಪಿಯುವಿನ ಗಮನ ಸೆಳೆಯುವ ಸಂಕೇತ) ಎಲ್ಲಿಗೆ ಕಳಿಸಬೇಕು, ಬಂದ ಡೇಟಾವನ್ನು ಮೆಮೊರಿಯಲ್ಲಿ ಎಲ್ಲಿ ಇಡಬೇಕು, ಎಲ್ಲ ಅಳಿಸಿಹೋಗುತ್ತದೆ. ಡ್ರೈವರ್ ಮಾತ್ರ ಎಲ್ಲ ಮೊದಲಿನ ಹಾಗೇ ಇದೆ ಅಂದುಕೊಂಡಿರುತ್ತದೆ. ಡ್ರೈವರ್ ಏನು ಅಂದುಕೊಂಡಿದೆ, ಚಿಪ್‌ನಲ್ಲಿ ನಿಜಕ್ಕೂ ಏನಿದೆ, ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದೇ ಈ ಕೈಪಿಡಿಯ ಕೆಲಸ. ಉದಾಹರಣೆಗಳು ಜಾಸ್ತಿ ಲಿನಕ್ಸ್‌ನವು. ವಿಂಡೋಸ್‌ನಲ್ಲೂ ತರ್ಕ ಇದೇ.

ಕೈ ಹಾಕುವ ಮೊದಲು

ದೂರದ ಯಂತ್ರಕ್ಕೆ ಯಾವ ನೆಟ್‌ವರ್ಕ್ ಕಾರ್ಡ್ ಮೂಲಕ ಲಾಗಿನ್ ಆಗಿದ್ದೀರೋ ಅದನ್ನೇ ರಿಸೆಟ್ ಮಾಡಬೇಡಿ. ಸೀರಿಯಲ್ ಕನ್ಸೋಲ್ ಅಥವಾ ಬೇರೊಂದು ದಾರಿ ಇದ್ದರೆ ಮಾತ್ರ ಮುಂದುವರಿಯಿರಿ. ಫೈಲ್‌ಸಿಸ್ಟಂ ಮೌಂಟ್ ಆಗಿರುವ ಡಿಸ್ಕ್‌ನ ಕಂಟ್ರೋಲರ್ ಅನ್ನು ಪ್ರಯೋಗಕ್ಕಂತ ರಿಸೆಟ್ ಮಾಡಲೇಬಾರದು. ಬ್ಯಾಕಪ್ ತೆಗೆದು, ಅನ್‌ಮೌಂಟ್ ಮಾಡಿ, ಆಮೇಲೆ ನೋಡಿ. ಫರ್ಮ್‌ವೇರ್ ಅಪ್‌ಡೇಟ್ ನಡೆಯುವಾಗ ಯಾವುದನ್ನೂ ಮುಟ್ಟಬೇಡಿ.

ಬಸ್ (ಡಿವೈಸ್‌ಗಳನ್ನು ಯಂತ್ರಕ್ಕೆ ಜೋಡಿಸುವ ಸಾಮಾನ್ಯ ದಾರಿ) ಮಟ್ಟದ ರಿಸೆಟ್ ಕೊಟ್ಟರೆ ಆ ಬಸ್ ಮೇಲಿರುವ ಎಲ್ಲ ಡಿವೈಸ್‌ಗಳೂ ಒಟ್ಟಿಗೆ ಬೀಳುತ್ತವೆ. ನಿಮಗೆ ಬೇಕಿದ್ದದ್ದು ಒಂದೇ ಆಗಿದ್ದರೂ ಅಷ್ಟೇ. ಚಿಪ್‌ನ ಪಿನ್‌ಗಳಿಗೆ ಮೋಟರ್, ಹೀಟರ್, ರಿಲೇ ಹಾಕಿದ್ದರೆ ಮೊದಲು ಆ ಲೋಡ್ ಬಿಚ್ಚಿ. ರಿಸೆಟ್ ಆದ ಕ್ಷಣ ಪಿನ್‌ಗಳು ಡಿಫಾಲ್ಟ್ ಸ್ಥಿತಿಗೆ ಹೋಗುತ್ತವೆ. ಅದು ಆಫ್ ಸ್ಥಿತಿಯೇ ಆಗಿರುತ್ತದೆ ಅಂತ ಹೇಳಲಾಗದು.

ಲಕ್ಷಣ: ಡಿವೈಸ್ ಕಾಣುತ್ತದೆ, ಆದರೆ ಏನೂ ಮಾಡುತ್ತಿಲ್ಲ

ಇಲ್ಲಿ ಖರ್ಚಿಲ್ಲದ ನಾಲ್ಕು ಪರೀಕ್ಷೆಗಳಿವೆ. ಇದೇ ಕ್ರಮದಲ್ಲಿ ಮಾಡಿ. ಯಾವ ಹಂತದಲ್ಲಿ ಡಿವೈಸ್ ಸರಿಹೋಯಿತು ಅನ್ನುವುದೇ ದೊಡ್ಡ ಸುಳಿವು. ಸುಮ್ನೆ ಮೊದಲಿಗೇ ರೀಬೂಟ್ ಮಾಡಿಬಿಟ್ಟರೆ ಈ ಸುಳಿವು ಕಳೆದುಹೋಗುತ್ತದೆ, ಅದಕ್ಕೇ ಹೇಳುತ್ತಿದ್ದೇನೆ.

ಮೊದಲು ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಲಾಗ್ ಅನ್ನು ಒಂದು ಫೈಲ್‌ಗೆ ಉಳಿಸಿಕೊಳ್ಳಿ. ಜೊತೆಗೆ, ಪಿಸಿಐ ಬಸ್ ಮೇಲಿನ ಡಿವೈಸ್‌ಗಳನ್ನು ಪಟ್ಟಿ ಮಾಡುವ ಎಲ್‌ಎಸ್‌ಪಿಸಿಐ (lspci) ಕಮಾಂಡ್‌ನ ವಿವರವಾದ ಔಟ್‌ಪುಟ್ ಅನ್ನೂ ರೂಟ್ ಆಗಿ ಓಡಿಸಿ ಇಟ್ಟುಕೊಳ್ಳಿ. ಆಮೇಲೆ ಇವನ್ನು ಮಾಡಿ.

ಡ್ರೈವರ್ ಅನ್ನು ಅನ್‌ಬೈಂಡ್ ಮಾಡಿ ಮತ್ತೆ ಬೈಂಡ್ ಮಾಡಿ, ಅಂದರೆ ಡಿವೈಸ್‌ನಿಂದ ಬಿಡಿಸಿ ಮತ್ತೆ ಜೋಡಿಸಿ. ಇಷ್ಟಕ್ಕೇ ಸರಿಹೋದರೆ, ಡ್ರೈವರ್‌ನ ಪ್ರೋಬ್ (ಡಿವೈಸ್ ಅನ್ನು ಮೊದಲ ಸಲ ಸಜ್ಜುಗೊಳಿಸುವ ಕೋಡ್) ದಾರಿ ಚೆನ್ನಾಗಿದೆ, ರಿಸೆಟ್ ದಾರಿಯಲ್ಲಿ ಏನೋ ಬಿಟ್ಟುಹೋಗಿದೆ ಅಂತ ಅರ್ಥ. ಪ್ರೋಬ್ ಮಾಡುವ ಯಾವುದೋ ಒಂದು ಕೆಲಸವನ್ನು ರಿಸೆಟ್ ಹ್ಯಾಂಡ್ಲರ್ ಮಾಡುತ್ತಿಲ್ಲ. ನನ್ನ ಅನುಭವದಲ್ಲಿ ಹೆಚ್ಚಿನ ದೋಷಗಳು ಇಲ್ಲೇ ಸಿಗುತ್ತವೆ.

ಅದರಿಂದ ಆಗಲಿಲ್ಲವೇ? ಸಿಸ್‌ಎಫ್‌ಎಸ್‌ನ (ಕರ್ನಲ್ ಡಿವೈಸ್‌ಗಳನ್ನು ಫೈಲ್‌ಗಳ ರೂಪದಲ್ಲಿ ತೋರಿಸುವ ಜಾಗ) ರಿಮೂವ್ ಫೈಲ್‌ಗೆ 1 ಬರೆದು ಡಿವೈಸ್ ತೆಗೆಯಿರಿ, ನಂತರ ರೀಸ್ಕ್ಯಾನ್ ಮಾಡಿ. ಈಗ ಸರಿಹೋದರೆ ಡ್ರೈವರ್‌ಗಿಂತ ಕೆಳಗಿನ ಪದರದಲ್ಲಿ, ಅಂದರೆ ಬಸ್ ವಿಳಾಸ, ಬಾರ್ ರಿಜಿಸ್ಟರ್ (ಡಿವೈಸ್‌ನ ಮೆಮೊರಿ ವಿಳಾಸ ಬರೆದಿಡುವ, ಚಿಪ್ ಒಳಗಿನ ಸಣ್ಣ ಜಾಗ) ಇಂಥ ಕಡೆ ತೊಂದರೆ ಇದೆ. ಡ್ರೈವರ್‌ನ ಪ್ರೋಬ್ ಬಾರ್‌ಗಳನ್ನು ಮತ್ತೆ ಬರೆಯುವುದಿಲ್ಲ. ರೀಸ್ಕ್ಯಾನ್ ಆದಾಗ ಕರ್ನಲ್ ಅವನ್ನು ಹೊಸದಾಗಿ ಹಂಚುತ್ತದೆ.

ಮೂರನೆಯದು ರೀಬೂಟ್. ಅದರಿಂದ ಮಾತ್ರ ಸರಿಹೋದರೆ ಬಯಾಸ್ ಮಾಡಿಟ್ಟಿದ್ದ ಯಾವುದೋ ಸೆಟ್ಟಿಂಗ್ ಅಳಿಸಿಹೋಗಿದೆ, ಅದನ್ನು ಮತ್ತೆ ಬರೆಯುವವರು ಯಾರೂ ಇಲ್ಲ ಅಂತ ಊಹಿಸಬಹುದು.

ನಾಲ್ಕನೆಯದು ಪೂರ್ತಿ ಕರೆಂಟ್ ತೆಗೆಯುವುದು. ಪವರ್ ಸಪ್ಲೈ ಸ್ವಿಚ್ ಆಫ್ ಮಾಡಿ ಅರ್ಧ ನಿಮಿಷ ಬಿಡಿ. ಯಂತ್ರ ಆಫ್ ಆಗಿದ್ದರೂ 5 ವೋಲ್ಟ್ ಸ್ಟ್ಯಾಂಡ್‌ಬೈ ಸಾಲು ಕೆಲವು ಚಿಪ್‌ಗಳನ್ನು ಎಚ್ಚರವಾಗಿಯೇ ಇಡುತ್ತದೆ. ಇದಕ್ಕೆ ಮಾತ್ರ ಬಗ್ಗುವ ಡಿವೈಸ್‌ನ ಒಳಗಿನ ಫರ್ಮ್‌ವೇರೇ ಸಿಕ್ಕಿಹಾಕಿಕೊಂಡಿರುತ್ತದೆ. ಡ್ರೈವರ್‌ನಿಂದ ಎಷ್ಟು ಸೆಟ್ಟಿಂಗ್ ಬರೆದರೂ ಅದು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಇರುವುದಿಲ್ಲ.

ವಿಂಡೋಸ್‌ನಲ್ಲಿ ಒಂದು ಎಚ್ಚರಿಕೆ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಅಂದರೆ ಪೂರ್ತಿ ಶಟ್‌ಡೌನ್ ಅಲ್ಲ. ಕರ್ನಲ್‌ನ ಸ್ಥಿತಿಯನ್ನು ಡಿಸ್ಕ್‌ಗೆ ಬರೆದು ಮುಂದಿನ ಸಲ ಅದನ್ನೇ ಎಬ್ಬಿಸುತ್ತದೆ. ಆದ್ದರಿಂದ ಪರೀಕ್ಷೆಗೆ ಯಾವಾಗಲೂ ರೀಸ್ಟಾರ್ಟ್ ಆಯ್ಕೆಯನ್ನೇ ಬಳಸಿ.

ಲಕ್ಷಣ: ಓದಿದ್ದೆಲ್ಲ ಎಫ್ಎಫ್ ಎಫ್ಎಫ್

ರಿಜಿಸ್ಟರ್ ಓದಿದರೆ ಎಲ್ಲ ಬಿಟ್‌ಗಳೂ 1, ಹೆಕ್ಸ್‌ನಲ್ಲಿ ಬರೆದರೆ ಎಫ್ಎಫ್. ಅಂದರೆ ಆ ಕಡೆಯಿಂದ ಯಾರೂ ಉತ್ತರ ಕೊಡಲಿಲ್ಲ, ಬಸ್ ತಾನೇ ಎಫ್ಎಫ್ ತುಂಬಿ ಕೊಟ್ಟಿತು ಅಂತ ಅರ್ಥ. ಇದನ್ನು ನಿಜವಾದ ಬೆಲೆ ಅಂತ ತೆಗೆದುಕೊಂಡ ಡ್ರೈವರ್ ಎಲ್ಲ ಇಂಟರಪ್ಟ್‌ಗಳೂ ಒಟ್ಟಿಗೆ ಬಂದವು ಅಂದುಕೊಂಡು ಲೂಪ್‌ನಲ್ಲಿ ಸಿಕ್ಕಿಬೀಳುತ್ತದೆ.

ಎಲ್‌ಎಸ್‌ಪಿಸಿಐ ನೋಡಿದಾಗ ಡಿವೈಸ್ ಹೆಸರು ಸರಿಯಾಗಿದ್ದು, ರಿವಿಷನ್ ಮಾತ್ರ ಎಫ್ಎಫ್ ಅಂತ ಇದೆಯೇ? ಹೆಸರನ್ನು ಕರ್ನಲ್ ತನ್ನ ನೆನಪಿನಿಂದ ಕೊಡುತ್ತಿದೆ, ಡಿವೈಸ್ ಮಾತ್ರ ಉತ್ತರಿಸುತ್ತಿಲ್ಲ. ಇಲ್ಲಿ ಎರಡು ಬೇರೆ ಸಂದರ್ಭಗಳಿವೆ, ಬೆರೆಸಿಕೊಳ್ಳಬೇಡಿ.

ಕಾನ್ಫಿಗ್ ಸ್ಪೇಸ್ (ಡಿವೈಸ್‌ನ ಗುರುತು, ಮೂಲ ಸೆಟ್ಟಿಂಗ್ ಇರುವ ರಿಜಿಸ್ಟರ್‌ಗಳ ಗುಂಪು) ಕೂಡ ಎಫ್ಎಫ್ ಆಗಿದ್ದರೆ ಮೊದಲ ಅನುಮಾನ ಸಮಯದ ಮೇಲೆ. ಎಫ್‌ಎಲ್‌ಆರ್, ಅಂದರೆ ಒಂದು ಫಂಕ್ಷನ್ ಮಾತ್ರ ರಿಸೆಟ್ ಆಗುವ ಬಗೆಯಲ್ಲಿ, ಪಿಸಿಐ ಎಕ್ಸ್‌ಪ್ರೆಸ್ ನಿಯಮದ ಪ್ರಕಾರ 100 ಮಿಲಿಸೆಕೆಂಡ್ ಕಾಯಬೇಕು. ಡಿ3 ಹಾಟ್ ಅನ್ನುವ ನಿದ್ದೆಯ ಸ್ಥಿತಿಯಿಂದ ಪೂರ್ತಿ ಎಚ್ಚರದ ಡಿ0ಗೆ ಬರಲು 10 ಮಿಲಿಸೆಕೆಂಡ್. ಅಷ್ಟಾದ ಮೇಲೂ ಸಿದ್ಧವಾಗದ ಡಿವೈಸ್ ಇನ್ನೂ ತಡೆಯಿರಿ ಅಂತ ಹೇಳಬಹುದು. ಲಿನಕ್ಸ್ ಇದನ್ನು ತಾನೇ ನೋಡಿಕೊಂಡು 60 ಸೆಕೆಂಡ್‌ವರೆಗೂ ಕಾಯುತ್ತದೆ, ಇಷ್ಟು ಮಿಲಿಸೆಕೆಂಡ್ ಆದರೂ ಸಿದ್ಧವಿಲ್ಲ, ಕಾಯುತ್ತಿದ್ದೇನೆ ಅಂತ ಲಾಗ್‌ನಲ್ಲಿ ಬರೆಯುತ್ತದೆ. ಡ್ರೈವರ್ ಈ ಸೌಲಭ್ಯ ಬಿಟ್ಟು ತಾನೇ ರಿಸೆಟ್ ಬಿಟ್ ಬರೆದಿದ್ದರೆ ಕಾಯುವ ಭಾಗ ತಪ್ಪಿಹೋಗಿರುತ್ತದೆ. ಪರೀಕ್ಷೆಗೆ ಅಲ್ಲಿ 1 ಸೆಕೆಂಡ್ ನಿಲ್ಲಿಸಿ ನೋಡಿ. ಸರಿಹೋದರೆ ಕಾರಣ ಸಿಕ್ಕಿತು. ಆದರೆ ಆ 1 ಸೆಕೆಂಡ್ ಅನ್ನೇ ಪರಿಹಾರ ಅಂತ ಬಿಟ್ಟುಬಿಡಬೇಡಿ. ಕರ್ನಲ್‌ನ ಫಂಕ್ಷನ್ ಬಳಸಿ, ಇಲ್ಲವೇ ಸಿದ್ಧವಾಯಿತೇ ಅಂತ ಮತ್ತೆ ಮತ್ತೆ ಕೇಳುವ ಕೋಡ್ ಬರೆಯಿರಿ.

ಕಾನ್ಫಿಗ್ ಸ್ಪೇಸ್ ಸರಿ ಇದ್ದು, ಮೆಮೊರಿ ಮ್ಯಾಪ್ ಆದ ರಿಜಿಸ್ಟರ್ ಮಾತ್ರ ಎಫ್ಎಫ್ ಆಗಿದ್ದರೆ ಕಥೆ ಬೇರೆ. ಕಮಾಂಡ್ ರಿಜಿಸ್ಟರ್ ನೋಡಿ, ಅದು 04 ಆಫ್‌ಸೆಟ್‌ನಲ್ಲಿದೆ. ಬಿಟ್ 1 ಮೆಮೊರಿ ಸ್ಪೇಸ್, ಬಿಟ್ 2 ಬಸ್ ಮಾಸ್ಟರ್. ಎಲ್‌ಎಸ್‌ಪಿಸಿಐಯಲ್ಲಿ ಕಂಟ್ರೋಲ್ ಸಾಲಿನಲ್ಲಿ ಮೆಮ್ ಪಕ್ಕ ಮೈನಸ್ ಇದ್ದರೆ ಡಿವೈಸ್ ತನ್ನ ವಿಳಾಸಕ್ಕೆ ಬಂದ ಯಾವ ಕರೆಗೂ ಓಗೊಡುವುದಿಲ್ಲ. ಹೆಕ್ಸ್ ಡಂಪ್ ತೆಗೆದು 10 ಹೆಕ್ಸ್ ಆಫ್‌ಸೆಟ್‌ನಿಂದ ಶುರುವಾಗುವ ಬಾರ್‌ಗಳನ್ನೂ ನೋಡಿ. ಡಂಪ್ ಯಾಕೆ ಅಂದರೆ ಎಲ್‌ಎಸ್‌ಪಿಸಿಐ ಸಾಮಾನ್ಯವಾಗಿ ತೋರಿಸುವ ವಿಳಾಸ ಕರ್ನಲ್‌ನ ನೆನಪಿನದು. ಅದು ಸರಿಯಾಗಿ ಕಾಣುತ್ತಿದ್ದರೂ ಚಿಪ್ ಒಳಗಿನ ಬಾರ್ ಸೊನ್ನೆ ಆಗಿರಬಹುದು.

ಲಕ್ಷಣ: ರಿಜಿಸ್ಟರ್ ಓದಬಹುದು, ಬರೆಯಬಹುದು, ಡೇಟಾ ಮಾತ್ರ ಬರುತ್ತಿಲ್ಲ

ಮೊದಲು ಬಸ್ ಮಾಸ್ಟರ್ ಬಿಟ್ ನೋಡಿ. ಅದು ಆಫ್ ಇದ್ದರೆ ಡಿವೈಸ್ ತಾನಾಗಿ ಮೆಮೊರಿಗೆ ಏನೂ ಬರೆಯಲಾಗದು. ಎಂಎಸ್ಐ ಇಂಟರಪ್ಟ್ ಕೂಡ ಮೆಮೊರಿಗೆ ಬರೆಯುವ ಒಂದು ಕ್ರಿಯೆಯೇ ಆದ್ದರಿಂದ ಅದೂ ನಿಂತುಹೋಗುತ್ತದೆ. ಡಿವೈಸ್ ಎನೇಬಲ್ ಮಾಡುವ ಫಂಕ್ಷನ್ ಕರೆದರೆ ಈ ಬಿಟ್ ಕೂಡ ಆನ್ ಆಗುತ್ತದೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಆಗುವುದಿಲ್ಲ. ಅದಕ್ಕೆ ಪಿಸಿಐ ಸೆಟ್ ಮಾಸ್ಟರ್ ಅನ್ನು ಬೇರೆಯಾಗಿಯೇ ಕರೆಯಬೇಕು.

ಬಿಟ್ ಆನ್ ಇದೆಯೇ? ಹಾಗಾದರೆ ಇಂಟರಪ್ಟ್‌ಗಳ ಎಣಿಕೆ ಇರುವ ಪ್ರಾಕ್ ಇಂಟರಪ್ಟ್ಸ್ (/proc/interrupts) ಫೈಲ್ ತೆರೆದು ನಿಮ್ಮ ಡಿವೈಸ್‌ನ ಸಾಲು ನೋಡಿ. ಐದು ಸೆಕೆಂಡ್ ಬಿಟ್ಟು ಇನ್ನೊಮ್ಮೆ ನೋಡಿ. ಎಣಿಕೆ ಏರುತ್ತಿದ್ದೂ ಡೇಟಾ ಇಲ್ಲದಿದ್ದರೆ ಇಂಟರಪ್ಟ್ ದಾರಿ ಸರಿಯಿದೆ, ರಿಂಗ್‌ಗಳ (ಡಿವೈಸ್, ಡ್ರೈವರ್ ಡೇಟಾ ಹಂಚಿಕೊಳ್ಳುವ ಸುತ್ತು ಸಾಲು) ವಿಳಾಸ ಅಥವಾ ಹೆಡ್, ಟೇಲ್ ಪಾಯಿಂಟರ್‌ಗಳು ತಪ್ಪಿವೆ. ರಿಸೆಟ್ ಆದ ಚಿಪ್ ತನ್ನ ಪಾಯಿಂಟರ್ ಅನ್ನು 0ಗೆ ತಂದಿರುತ್ತದೆ, ಡ್ರೈವರ್ ಇನ್ನೂ 137ರಲ್ಲಿ ನಿಂತು ಕಾಯುತ್ತಿರುತ್ತದೆ. ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತಿದ್ದಾರೆ.

ಎಣಿಕೆ ಏರದೇ, ಡಿವೈಸ್‌ನ ಸ್ಟೇಟಸ್ ರಿಜಿಸ್ಟರ್‌ನಲ್ಲಿ ಮಾತ್ರ ಇಂಟರಪ್ಟ್ ಕಾಯುತ್ತಿದೆ ಅಂತ ಕಂಡರೆ, ಮೊದಲು ಡಿವೈಸ್‌ನ ಸ್ವಂತ ಇಂಟರಪ್ಟ್ ಎನೇಬಲ್ ರಿಜಿಸ್ಟರ್ ನೋಡಿ. ಅದನ್ನು ಮತ್ತೆ ಬರೆಯಲು ಮರೆಯುವುದು ಸಾಮಾನ್ಯ. ಅದು ಸರಿಯಿದ್ದರೆ ಎಂಎಸ್ಐ-ಎಕ್ಸ್ ಟೇಬಲ್ ನೋಡಿ. ಇದು ಕಾನ್ಫಿಗ್ ಸ್ಪೇಸ್‌ನಲ್ಲಿ ಇಲ್ಲ, ಡಿವೈಸ್‌ನ ಬಾರ್ ಒಳಗಿದೆ. ಪ್ರತಿ ಸಾಲು 16 ಬೈಟ್. ರಿಸೆಟ್ ಆದಾಗ ಪ್ರತಿ ಸಾಲಿನ ಮಾಸ್ಕ್ ಬಿಟ್ 1 ಆಗುತ್ತದೆ, ಅಂದರೆ ಎಲ್ಲವೂ ಮುಚ್ಚಿರುತ್ತವೆ. ಕಾನ್ಫಿಗ್ ಸ್ಪೇಸ್‌ನ ಬೈಟ್‌ಗಳನ್ನು ಕೈಯಾರೆ ನಕಲು ಮಾಡಿ ವಾಪಸ್ ಬರೆಯುವ ಡ್ರೈವರ್‌ಗಳು ಈ ಟೇಬಲ್ ಅನ್ನು ಮರೆಯುತ್ತವೆ. ಕರ್ನಲ್‌ನ ಪಿಸಿಐ ರಿಸ್ಟೋರ್ ಸ್ಟೇಟ್ ಇದನ್ನೂ ಸೇರಿಸಿ ಮಾಡುತ್ತದೆ. ದಯವಿಟ್ಟು ಅದನ್ನೇ ಬಳಸಿ. ಅದು ಬಾರ್‌ಗಳನ್ನು ಬರೆದ ಮೇಲೆಯೇ ಕಮಾಂಡ್ ರಿಜಿಸ್ಟರ್ ಬರೆಯುತ್ತದೆ. ಕೈಯಾರೆ ಬರೆಯುವಾಗ ಈ ಕ್ರಮ ಸುಲಭವಾಗಿ ತಪ್ಪುತ್ತದೆ.

ಲಕ್ಷಣ: ಅರ್ಧ ಕೆಲಸ ಮಾಡುತ್ತದೆ, ಅರ್ಧ ಇಲ್ಲ

ಇದು ನನಗೆ ತುಂಬಾ ಮುಖ್ಯ ಅನ್ನಿಸುವ ಭಾಗ. ಪೂರ್ತಿ ಕೆಟ್ಟ ಡಿವೈಸ್ ಬೇಗ ಕಣ್ಣಿಗೆ ಬೀಳುತ್ತದೆ. ಅರ್ಧ ಕೆಟ್ಟದ್ದು ತಿಂಗಳುಗಟ್ಟಲೆ ಹಾಗೇ ಓಡುತ್ತಿರುತ್ತದೆ, ಬೈಗುಳ ಮಾತ್ರ ಬೇರೆ ಯಾರಿಗೋ ಬೀಳುತ್ತಿರುತ್ತದೆ.

ಒಂದು ನೆಟ್‌ವರ್ಕ್ ಡ್ರೈವರ್ ಮೇಲೆ ಕೆಲಸ ಮಾಡುವಾಗ ನನಗೆ ಇಂಥದ್ದು ಎದುರಾಯಿತು. ಟ್ರಾನ್ಸ್‌ಮಿಟ್ ಕ್ಯೂ ಸಮಯ ಮೀರಿತು ಅಂತ ವಾಚ್‌ಡಾಗ್ ಹೇಳಿತು, ಡ್ರೈವರ್ ಕಾರ್ಡ್ ಅನ್ನು ರಿಸೆಟ್ ಮಾಡಿತು, ಲಿಂಕ್ ಮೇಲೆ ಬಂತು. ಆದರೆ ಪಿಂಗ್‌ಗೆ ಉತ್ತರವೇ ಇಲ್ಲ. ಏನಾಗುತ್ತಿದೆ ನೋಡೋಣ ಅಂತ, ಬಂದು ಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಹಚ್ಚಿದೆ. ಪಿಂಗ್ ಓಡಿತು! ಟಿಸಿಪಿಡಂಪ್ ನಿಲ್ಲಿಸಿದೆ, ಪಿಂಗ್ ನಿಂತಿತು. ಮತ್ತೆ ಹಚ್ಚಿದೆ, ಮತ್ತೆ ಓಡಿತು. ಎರಡು ಕಿಟಕಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಹತ್ತು ಸಲ ಮಾಡಿದೆ, ಹತ್ತು ಸಲವೂ ಹಾಗೇ.

ಟಿಸಿಪಿಡಂಪ್ ಕಾರ್ಡ್ ಅನ್ನು ಪ್ರಾಮಿಸ್ಕ್ಯೂಯಸ್ ಮೋಡ್‌ಗೆ ಹಾಕುತ್ತದೆ. ಅಂದರೆ ಯಾರ ವಿಳಾಸಕ್ಕೆ ಬಂದ ಫ್ರೇಮ್ ಆದರೂ ಒಳಗೆ ಬಿಡು ಅಂತ. ಆಗ ಮಾತ್ರ ಕೆಲಸ ಮಾಡುತ್ತದೆ ಅಂದರೆ ಕಾರ್ಡ್‌ಗೆ ತನ್ನದೇ ಮ್ಯಾಕ್ (ಹಾರ್ಡ್‌ವೇರ್) ವಿಳಾಸ ಗೊತ್ತಿಲ್ಲ ಅಂತ ಆಯ್ತು. ರಿಸೆಟ್ ಆದಾಗ ಚಿಪ್ ಒಳಗಿನ ವಿಳಾಸದ ಫಿಲ್ಟರ್ ಖಾಲಿಯಾಗಿತ್ತು. ಕಾರ್ಡ್ ತನಗೆ ಬಂದ ಉತ್ತರಗಳನ್ನೇ ಬೇರೆಯವರದು ಅಂತ ಬಿಸಾಡುತ್ತಿತ್ತು. ಐಪಿ ಕಮಾಂಡ್‌ನಲ್ಲಿ ವಿಳಾಸ ಸರಿಯಾಗಿಯೇ ಕಾಣುತ್ತಿತ್ತು, ಯಾಕಂದರೆ ಅದು ಕರ್ನಲ್‌ನ ನೆನಪಿನಿಂದ ಬಂದದ್ದು. ರಿಸೆಟ್ ಹ್ಯಾಂಡ್ಲರ್‌ನಲ್ಲಿ ವಿಳಾಸವನ್ನು ಮತ್ತೆ ಬರೆಯುವ ಒಂದು ಸಾಲು ಸೇರಿಸಿದ ಮೇಲೆ ಸರಿಹೋಯಿತು.

ನೆಟ್‌ವರ್ಕ್ ಕಾರ್ಡ್‌ಗಳಲ್ಲಿ ಹೀಗೆ ಕಳೆದುಹೋಗುವ ವಸ್ತು ಇನ್ನೂ ಇವೆ. ಪ್ರತಿಯೊಂದಕ್ಕೂ ಅದರದೇ ಚಹರೆ ಇದೆ.

ಐಪಿವಿ4 ಚೆನ್ನಾಗಿದೆ, ಐಪಿವಿ6 ಮಾತ್ರ ಸ್ವಲ್ಪ ಹೊತ್ತಿಗೆ ಸಾಯುತ್ತದೆ. ಇದು ಮಲ್ಟಿಕಾಸ್ಟ್ ಫಿಲ್ಟರ್. ನೆರೆಯವರನ್ನು ಹುಡುಕುವ ಐಪಿವಿ4ರ ಎಆರ್‌ಪಿ ಬ್ರಾಡ್‌ಕಾಸ್ಟ್ (ಎಲ್ಲರಿಗೂ ಕಳಿಸುವುದು) ಮೇಲೆ ನಡೆಯುತ್ತದೆ, ಐಪಿವಿ6 ಅದೇ ಕೆಲಸಕ್ಕೆ ಮಲ್ಟಿಕಾಸ್ಟ್ (ಒಂದು ಗುಂಪಿಗೆ ಕಳಿಸುವುದು) ಬಳಸುತ್ತದೆ. ಮೊದಲೇ ಗೊತ್ತಿದ್ದ ನೆರೆಯವರ ಜೊತೆ ಮಾತು ಸ್ವಲ್ಪ ಹೊತ್ತು ನಡೆಯುತ್ತದೆ, ಆ ನೆನಪು ಹಳತಾದ ಮೇಲೆ ನಿಲ್ಲುತ್ತದೆ. ರಿಸೆಟ್‌ಗೂ ಸಾಯುವುದಕ್ಕೂ ನಡುವೆ ಹೀಗೆ ಅಂತರ ಬೀಳುವುದರಿಂದ ಎರಡನ್ನೂ ಜೋಡಿಸಿ ನೋಡಲು ಯಾರಿಗೂ ಹೊಳೆಯುವುದಿಲ್ಲ.

ಸಾದಾ ಟ್ರಾಫಿಕ್ ಸರಿ, ವಿಲ್ಯಾನ್ (ಒಂದೇ ತಂತಿಯ ಮೇಲೆ ಬೇರ್ಪಡಿಸಿದ ಜಾಲ) ಮಾತ್ರ ಇಲ್ಲ. ಇದು ವಿಲ್ಯಾನ್ ಫಿಲ್ಟರ್ ಟೇಬಲ್.

ಎಲ್ಲ ಓಡುತ್ತಿದೆ, ಆದರೆ ಒಂದೇ ಸಿಪಿಯು ಕೋರ್ ಬಿಸಿ, ಉಳಿದವು ಖಾಲಿ. ಇದು ಬಂದ ಟ್ರಾಫಿಕ್ ಅನ್ನು ಕೋರ್‌ಗಳಿಗೆ ಹಂಚುವ ಆರ್‌ಎಸ್‌ಎಸ್ ಟೇಬಲ್. ಎಲ್ಲ ಸಾಲುಗಳೂ 0 ಆಗಿ, ಬಂದದ್ದೆಲ್ಲ ಮೊದಲ ಕ್ಯೂಗೇ ಬೀಳುತ್ತಿದೆ. ಇಂಟರಪ್ಟ್ ಎಣಿಕೆ ರಿಸೆಟ್ ಆದಾಗಿನಿಂದ ಒಮ್ಮೆಲೇ ಏರಿದ್ದರೆ ಇಂಟರಪ್ಟ್ ಒಗ್ಗೂಡಿಸುವ ಸೆಟ್ಟಿಂಗ್ ಹೋಗಿದೆ.

ನೆಟ್‌ವರ್ಕ್ ಕಾರ್ಡ್‌ನ ಸೆಟ್ಟಿಂಗ್ ತೋರಿಸುವ ಈಥ್‌ಟೂಲ್‌ನಲ್ಲಿ ಪರೀಕ್ಷಿಸುವಾಗ ಒಂದು ವಿಷಯ ನೆನಪಿರಲಿ. ಅದು ತೋರಿಸುವ ಎಷ್ಟೋ ಅಂಕಿಗಳು ಡ್ರೈವರ್ ಉಳಿಸಿಕೊಂಡವು. ಚಿಪ್ ಒಳಗೆ ನಿಜಕ್ಕೂ ಏನಿದೆ ಅಂತ ತಿಳಿಯಲು ರಿಜಿಸ್ಟರ್ ಡಂಪ್ ತೆಗೆಯುವ ಡಿ ಆಯ್ಕೆ ಬಳಸಿ, ಡ್ರೈವರ್‌ನಲ್ಲಿ ಆ ಸೌಲಭ್ಯ ಇದ್ದರೆ.

ಲಕ್ಷಣ: ವಾಲ್ಯೂಮ್ ಸರಿಯಾಗಿ ತೋರಿಸುತ್ತದೆ, ಸದ್ದು ಬರುವುದಿಲ್ಲ

ಲ್ಯಾಪ್‌ಟಾಪ್ ಅಥವಾ ಸಣ್ಣ ಬೋರ್ಡ್ ನಿದ್ದೆಯಿಂದ ಎದ್ದ ಮೇಲೆ ಇದು ಕಾಣುತ್ತದೆ. ಮಿಕ್ಸರ್‌ನಲ್ಲಿ ವಾಲ್ಯೂಮ್ 80, ಮ್ಯೂಟ್ ಇಲ್ಲ, ಆದರೂ ಮೌನ. ಮತ್ತೆ 80 ಅಂತಲೇ ಸೆಟ್ ಮಾಡಿದರೂ ಮೌನ. ಆದರೆ 79ಕ್ಕೆ ಇಳಿಸಿದ ತಕ್ಷಣ ಸದ್ದು ಬರುತ್ತದೆ!

ಈ ಒಂದು ಹೆಜ್ಜೆಯ ವ್ಯತ್ಯಾಸ ಎಲ್ಲವನ್ನೂ ಹೇಳುತ್ತದೆ, ಅಲ್ವಾ? ಲಿನಕ್ಸ್‌ನ ರೆಗ್‌ಮ್ಯಾಪ್ ಪದರ ರಿಜಿಸ್ಟರ್‌ಗಳ ಒಂದು ಪ್ರತಿಯನ್ನು ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ಬೆಲೆ ಬದಲಾಗದಿದ್ದರೆ ಐ2ಸಿ (ಬೋರ್ಡ್‌ನ ಸಣ್ಣ ಚಿಪ್‌ಗಳನ್ನು ಜೋಡಿಸುವ) ಬಸ್ ಮೇಲೆ ಬರೆಯುವ ಶ್ರಮವನ್ನೇ ಬಿಡುತ್ತದೆ. ಆ ಪ್ರತಿಯಲ್ಲಿ, ಅಂದರೆ ಕ್ಯಾಶ್‌ನಲ್ಲಿ, 80 ಇದೆ, ನೀವೂ 80 ಕೇಳಿದಿರಿ, ಏನೂ ಬರೆಯಲಿಲ್ಲ. ಚಿಪ್ ಒಳಗೆ ಮಾತ್ರ ಕರೆಂಟ್ ಹೋಗಿ ಬಂದಾಗಿನ ಡಿಫಾಲ್ಟ್ ಕೂತಿದೆ.

ಸರಿಯಾದ ಕ್ರಮ ಹೀಗೆ: ಕರೆಂಟ್ ತೆಗೆಯುವ ಮೊದಲು ಕ್ಯಾಶ್ ಓನ್ಲಿ (ಬರೆದದ್ದು ಪ್ರತಿಗೆ ಮಾತ್ರ ಹೋಗುವ ಹಾಗೆ) ಮಾಡಿ, ರೆಗ್‌ಕ್ಯಾಶ್ ಮಾರ್ಕ್ ಡರ್ಟಿ ಕರೆಯಿರಿ. ಕರೆಂಟ್ ಬಂದ ಮೇಲೆ ಕ್ಯಾಶ್ ಓನ್ಲಿ ತೆಗೆದು ರೆಗ್‌ಕ್ಯಾಶ್ ಸಿಂಕ್ ಮಾಡಿ. ಮಾರ್ಕ್ ಡರ್ಟಿ ಬಿಟ್ಟುಹೋಗಿದ್ದರೆ ಸಿಂಕ್ ಸುಮ್ಮನೆ ಏನೂ ಮಾಡದೆ ಯಶಸ್ಸು ಅಂತ ವಾಪಸ್ ಬರುತ್ತದೆ. ಕೋಡ್‌ನಲ್ಲಿ ಸಿಂಕ್ ಇದೆ ಅಂತ ನೋಡಿ ನೆಮ್ಮದಿಯಿಂದ ಕೂರುವುದು ಇಲ್ಲಿನ ದೊಡ್ಡ ಬಲೆ.

ಇನ್ನೊಂದು ಸೂಕ್ಷ್ಮ. ಡ್ರೈವರ್‌ನಲ್ಲಿ ಬರೆದಿಟ್ಟ ಡಿಫಾಲ್ಟ್ ಬೆಲೆಗೆ ಸಮನಾಗಿರುವ ರಿಜಿಸ್ಟರ್‌ಗಳನ್ನು ಸಿಂಕ್ ಬಿಟ್ಟು ಮುಂದೆ ಹೋಗುತ್ತದೆ, ರಿಸೆಟ್ ಆದ ಚಿಪ್‌ನಲ್ಲಿ ಅದೇ ಬೆಲೆ ಇರುತ್ತದೆ ಅನ್ನುವ ಲೆಕ್ಕದಲ್ಲಿ. ಆ ಟೇಬಲ್‌ನಲ್ಲಿ ಒಂದು ಸಾಲು ತಪ್ಪಿದ್ದರೂ ಆ ಒಂದು ರಿಜಿಸ್ಟರ್ ಮಾತ್ರ ಎಂದಿಗೂ ವಾಪಸ್ ಬರುವುದಿಲ್ಲ. ಹೀಗಾಗಿ ಎಲ್ಲ ಸರಿ, ಎಡ ಸ್ಪೀಕರ್ ಮಾತ್ರ ಇಲ್ಲ ಅನ್ನುವಂಥ ದೂರು ಬಂದರೆ ಡಿಫಾಲ್ಟ್ ಟೇಬಲ್ ಅನ್ನು ಡೇಟಾಶೀಟ್ ಜೊತೆ ಸಾಲು ಸಾಲಾಗಿ ತಾಳೆ ನೋಡಿ.

ಚಿಪ್‌ನ ನಿಜ ಬೆಲೆ ನೋಡಲು ಐ2ಸಿ ಗೆಟ್ ಬಳಸಬಹುದು. ಆದರೆ ಐ2ಸಿ ಸೆಟ್ ಬಳಸುವಾಗ ಕೈ ನಡುಗಬೇಕು. ಅದೇ ಬಸ್ ಮೇಲೆ ವೋಲ್ಟೇಜ್ ನಿಯಂತ್ರಿಸುವ ಚಿಪ್ ಕೂತಿರುವುದು ಸಾಮಾನ್ಯ. ತಪ್ಪು ವಿಳಾಸಕ್ಕೆ ತಪ್ಪು ಬೆಲೆ ಬರೆದರೆ ಬೋರ್ಡ್ ಸುಟ್ಟುಹೋಗಬಹುದು.

ಟಚ್‌ಸ್ಕ್ರೀನ್‌ನಲ್ಲೂ ಇದೇ ಜಾತಿಯ ದೋಷ ಬೇರೆ ವೇಷದಲ್ಲಿ ಬರುತ್ತದೆ. ಎದ್ದ ಮೇಲೆ ಅಡ್ಡ ಗೆರೆ ಎಳೆದರೆ ಉದ್ದ ಗೆರೆ ಬೀಳುತ್ತದೆ. ಅಕ್ಷ ಅದಲು ಬದಲು ಮಾಡುವ ಬಿಟ್ ಕಳೆದುಹೋಗಿದೆ. ಇನ್ನು ಎಚ್ಚರವೇ ಆಗದಿದ್ದರೆ ರಿಸೆಟ್ ಪಿನ್‌ನ ದಿಕ್ಕು ನೋಡಿ. ಪಿನ್ ಆಕ್ಟಿವ್ ಲೋ (ವೋಲ್ಟೇಜ್ ಕೆಳಗಿದ್ದಾಗ ರಿಸೆಟ್) ಅಂತ, ಬೋರ್ಡ್‌ನ ಹಾರ್ಡ್‌ವೇರ್ ವಿವರಿಸುವ ಡಿವೈಸ್ ಟ್ರೀಯಲ್ಲಿ ಬರೆದು, ಡ್ರೈವರ್‌ನಲ್ಲೂ ಉಲ್ಟಾ ಮಾಡಿದ್ದರೆ ಚಿಪ್ ಸದಾ ರಿಸೆಟ್‌ನಲ್ಲೇ ಹಿಡಿದಿಟ್ಟ ಹಾಗೆ ಇರುತ್ತದೆ.

ಲಕ್ಷಣ: ಯುಎಸ್‌ಬಿ ಡಿವೈಸ್ ಎದ್ದಿತು, ಆದರೆ ಡಿಫಾಲ್ಟ್‌ಗೆ ಹೋಗಿದೆ

ಯುಎಸ್‌ಬಿ ರಿಸೆಟ್ ಆದಾಗ ಡಿವೈಸ್‌ನ ವಿಳಾಸ, ಕಾನ್ಫಿಗರೇಷನ್, ಇಂಟರ್‌ಫೇಸ್‌ನ ಆಲ್ಟರ್ನೇಟ್ ಸೆಟ್ಟಿಂಗ್ ಇವನ್ನು ಕರ್ನಲ್‌ನ ಯುಎಸ್‌ಬಿ ಪದರವೇ ವಾಪಸ್ ಹಾಕುತ್ತದೆ. ಅದರಾಚೆಗಿನದು ಅದಕ್ಕೆ ಗೊತ್ತಿಲ್ಲ. ಸೀರಿಯಲ್ ಅಡಾಪ್ಟರ್‌ನ ವೇಗ, ಕ್ಯಾಮೆರಾದ ಬೆಳಕಿನ ಸೆಟ್ಟಿಂಗ್ ಇವೆಲ್ಲ ಆಯಾ ಡ್ರೈವರ್‌ನ ಜವಾಬ್ದಾರಿ. ರಿಸೆಟ್ ಆದ ಮೇಲೆ ಸೀರಿಯಲ್ ಪೋರ್ಟ್‌ನಲ್ಲಿ ಅರ್ಥವಿಲ್ಲದ ಅಕ್ಷರಗಳು ಬಂದರೆ ಮೊದಲು ವೇಗ ನೋಡಿ.

ಡ್ರೈವರ್‌ನಲ್ಲಿ ಪ್ರೀ ರಿಸೆಟ್, ಪೋಸ್ಟ್ ರಿಸೆಟ್ ಎರಡೂ ಇಲ್ಲದಿದ್ದರೆ ಕರ್ನಲ್ ಅದನ್ನು ಅನ್‌ಬೈಂಡ್ ಮಾಡಿ ಮತ್ತೆ ಬೈಂಡ್ ಮಾಡುತ್ತದೆ. ಡಿವೈಸ್ ಫರ್ಮ್‌ವೇರ್ ಬದಲಾಗಿದೆ ಅಂತ ಲಾಗ್‌ನಲ್ಲಿ ಬಂದರೆ ಡಿವೈಸ್ ತನ್ನ ಡಿಸ್ಕ್ರಿಪ್ಟರ್‌ಗಳನ್ನು (ತಾನು ಏನು ಅಂತ ತಿಳಿಸುವ ವಿವರ) ಮೊದಲಿಗಿಂತ ಬೇರೆಯಾಗಿ ಹೇಳಿದೆ. ಹೊರಗಿನಿಂದ ಫರ್ಮ್‌ವೇರ್ ತುಂಬಿಸಿಕೊಳ್ಳುವ ಡಿವೈಸ್‌ಗಳು ಅದನ್ನು ಕಳೆದುಕೊಂಡಾಗ ಹೀಗಾಗುತ್ತದೆ.

ಲಕ್ಷಣ: ಮೊದಲ ರಿಸೆಟ್ ಸರಿ, ಎರಡನೆಯದರಲ್ಲಿ ಕೆಡುತ್ತದೆ

ಬಹಳ ಕಾಲದಿಂದ ಬಳಕೆಯಲ್ಲಿರುವ ಕರ್ನಲ್‌ಗಳಲ್ಲಿ ಪಿಸಿಐ ರಿಸ್ಟೋರ್ ಸ್ಟೇಟ್ ಒಮ್ಮೆ ಓಡಿದ ಮೇಲೆ, ಉಳಿಸಿದ ಸ್ಥಿತಿ ಇದೆ ಅನ್ನುವ ಗುರುತನ್ನು ಅಳಿಸಿಬಿಡುತ್ತದೆ. ಎರಡನೇ ಸಲ ಕರೆದರೆ ಏನೂ ಮಾಡದೆ, ಏನೂ ಹೇಳದೆ ವಾಪಸ್ ಬರುತ್ತದೆ. ಅದಕ್ಕೇ ದೋಷ ಚೇತರಿಕೆಯ ಸ್ಲಾಟ್ ರಿಸೆಟ್ ಹ್ಯಾಂಡ್ಲರ್‌ನಲ್ಲಿ ರಿಸ್ಟೋರ್ ಆದ ಬೆನ್ನಿಗೇ ಮತ್ತೆ ಸೇವ್ ಕರೆಯುವ ರೂಢಿ ಬೆಳೆದಿದೆ.

ಇದನ್ನು ಸಿಸ್‌ಎಫ್‌ಎಸ್‌ನ ರಿಸೆಟ್ ಫೈಲ್ ಮೂಲಕ ಪರೀಕ್ಷಿಸಿದರೆ ದೋಷ ಕಾಣಿಸುವುದೇ ಇಲ್ಲ. ಆ ದಾರಿಯಲ್ಲಿ ಕರ್ನಲ್ ಪ್ರತಿ ಸಲವೂ ತಾನೇ ಸೇವ್ ಮಾಡಿಕೊಳ್ಳುತ್ತದೆ. ಬಸ್ ದೋಷದಿಂದ ಬರುವ ಚೇತರಿಕೆಯ ದಾರಿಯನ್ನೇ ಪರೀಕ್ಷಿಸಬೇಕು, ಅದಕ್ಕೆ ಎಇಆರ್ (ಪಿಸಿಐ ಎಕ್ಸ್‌ಪ್ರೆಸ್‌ನ ದೋಷ ವರದಿ) ದೋಷಗಳನ್ನು ಬೇಕೆಂದೇ ಹುಟ್ಟಿಸುವ ಎಇಆರ್ ಇಂಜೆಕ್ಟ್ ಅನ್ನುವ ಸಲಕರಣೆ ಇದೆ.

ಉಳಿಸುವ ಗಳಿಗೆಯೂ ಮುಖ್ಯ. ಡಿವೈಸ್ ಆಗಲೇ ಸತ್ತ ಮೇಲೆ ಸೇವ್ ಮಾಡಿದರೆ ಎಫ್ಎಫ್‌ಗಳನ್ನೇ ಜತನ ಮಾಡಿದ ಹಾಗೆ. ಆಮೇಲೆ ಅದನ್ನೇ ಶ್ರದ್ಧೆಯಿಂದ ವಾಪಸ್ ಬರೆಯುತ್ತೀರಿ. ಪ್ರೋಬ್ ಚೆನ್ನಾಗಿ ಮುಗಿದ ಮೇಲೆ ಸೇವ್ ಮಾಡಿ. ದೋಷ ಕಂಡ ಮೇಲೆ ಮಾಡಬೇಡಿ.

ಲಕ್ಷಣ: ನಿದ್ದೆಯಿಂದ ಎದ್ದಾಗ ಮಾತ್ರ ಕೆಡುತ್ತದೆ

ಪವರ್ ಮ್ಯಾನೇಜ್‌ಮೆಂಟ್ ಕಂಟ್ರೋಲ್ ರಿಜಿಸ್ಟರ್‌ನಲ್ಲಿ ನೋ ಸಾಫ್ಟ್ ರಿಸೆಟ್ ಅನ್ನುವ ಒಂದು ಬಿಟ್ ಇದೆ, ಬಿಟ್ 3. ಅದು 0 ಆಗಿದ್ದರೆ ಡಿ3 ಹಾಟ್‌ನಿಂದ ಎದ್ದಾಗ ಡಿವೈಸ್ ಒಳಗೊಳಗೇ ರಿಸೆಟ್ ಆಗಿಬಿಡುತ್ತದೆ. ಯಾರೂ ರಿಸೆಟ್ ಕೊಟ್ಟಿಲ್ಲ ಅಂತ ನೀವು ಹುಡುಕುತ್ತಲೇ ಇರುತ್ತೀರಿ. ವಿಂಡೋಸ್ ಡ್ರೈವರ್‌ಗಳಲ್ಲಿ ಇದರ ಸೋದರ ತಪ್ಪು ಅಂದರೆ ಹಾರ್ಡ್‌ವೇರ್ ಆರಂಭಿಸುವ ಕೋಡ್ ಅನ್ನು ಪ್ರಿಪೇರ್ ಹಾರ್ಡ್‌ವೇರ್ ಕಾಲ್‌ಬ್ಯಾಕ್‌ನಲ್ಲಿ ಇಡುವುದು. ಅದು ನಿದ್ದೆಯಿಂದ ಎದ್ದಾಗ ಓಡುವುದಿಲ್ಲ. ಡಿ0 ಎಂಟ್ರಿ ಪ್ರತಿ ಸಲವೂ ಓಡುತ್ತದೆ, ರಿಜಿಸ್ಟರ್ ಬರೆಯುವ ಕೆಲಸ ಅಲ್ಲಿರಬೇಕು.

ಲಕ್ಷಣ: ಯಂತ್ರವೇ ನಿಲ್ಲುತ್ತದೆ, ಸಂಬಂಧವಿಲ್ಲದ ಪ್ರೋಗ್ರಾಂಗಳು ಕೆಡುತ್ತವೆ

ಇಲ್ಲಿ ತಕ್ಷಣ ನಿಲ್ಲಿಸಿ. ಡಿಸ್ಕ್‌ನಲ್ಲಿ ಬೇಕಾದ ಡೇಟಾ ಇರುವ ಯಂತ್ರದಲ್ಲಿ ಇನ್ನೊಂದು ಸಲ ಪ್ರಯತ್ನ ಮಾಡಬೇಡಿ. ಡಿವೈಸ್ ಹಳೆಯ ವಿಳಾಸಕ್ಕೆ ಡಿಎಂಎ (ಸಿಪಿಯು ನೆರವಿಲ್ಲದೆ ನೇರವಾಗಿ ಮೆಮೊರಿಗೆ ಬರೆಯುವುದು) ಮಾಡುತ್ತಿರಬಹುದು. ಆ ಜಾಗ ಈಗ ಬೇರೆ ಯಾರದೋ ಆಗಿರುತ್ತದೆ. ಫೈಲ್‌ಸಿಸ್ಟಂನ ಬಫರ್ ಅಲ್ಲಿದ್ದರೆ ಕೆಟ್ಟ ಡೇಟಾ ಡಿಸ್ಕ್‌ಗೂ ಹೋಗುತ್ತದೆ.

ಡಿವೈಸ್‌ಗಳು ಯಾವ ಮೆಮೊರಿ ಮುಟ್ಟಬಹುದು ಅಂತ ನಿಯಂತ್ರಿಸುವ ಐಓಎಂಎಂಯು ಆನ್ ಮಾಡಿ, ಪ್ರಯೋಗಕ್ಕೆ ಮೀಸಲಾದ ಯಂತ್ರದಲ್ಲಿ ಮತ್ತೆ ಓಡಿಸಿ. ಲಾಗ್‌ನಲ್ಲಿ ಇಂಟೆಲ್ ಯಂತ್ರವಾದರೆ ಡಿಎಂಎಆರ್, ಎಎಂಡಿಯಾದರೆ ಎಎಂಡಿ-ವಿಐ ಅಂತ ಶುರುವಾಗುವ ಫಾಲ್ಟ್ ಸಾಲುಗಳು ಕಂಡರೆ ಅನುಮಾನ ನಿಜ. ಕೋಡ್‌ನಲ್ಲಿ ಎರಡು ಕಡೆ ನೋಡಿ. ಡಿವೈಸ್ ನಿಜಕ್ಕೂ ನಿಂತಿದೆ ಅಂತ ಖಚಿತವಾಗುವ ಮೊದಲೇ ಬಫರ್ ಬಿಡುಗಡೆ ಮಾಡುತ್ತಿದ್ದೀರಾ? ಹೊಸ ರಿಂಗ್ ವಿಳಾಸ ಬರೆಯುವ ಮೊದಲೇ ಕ್ಯೂ ಶುರು ಮಾಡುವ ಬಿಟ್ ಹಾಕುತ್ತಿದ್ದೀರಾ? ನಿಲ್ಲಿಸು, ನಿಂತಿತಾ ನೋಡು, ರಿಸೆಟ್, ಕಾಯು, ಕಾನ್ಫಿಗ್ ಸ್ಪೇಸ್, ಫರ್ಮ್‌ವೇರ್, ರಿಂಗ್ ವಿಳಾಸ, ಫಿಲ್ಟರ್, ಇಂಟರಪ್ಟ್, ಕೊನೆಗೆ ಕ್ಯೂ. ಈ ಕ್ರಮ ಬಿಡಬೇಡಿ.

ಏನು ಕಳೆದಿದೆ ಅಂತ ಗೊತ್ತೇ ಆಗದಿದ್ದರೆ

ಆಗ ಡಂಪ್ ಹೋಲಿಕೆ. ಡಿವೈಸ್ ಚೆನ್ನಾಗಿ ಓಡುವಾಗ ಕಾನ್ಫಿಗ್ ಸ್ಪೇಸ್‌ನ ಪೂರ್ತಿ ಡಂಪ್ ತೆಗೆಯಿರಿ, ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಅದು 4096 ಬೈಟ್. ಡ್ರೈವರ್ ಕೊಡುವ ರಿಜಿಸ್ಟರ್ ಡಂಪ್ ಅನ್ನೂ ಸೇರಿಸಿ. ರಿಸೆಟ್ ಆದ ಮೇಲೆ ಇನ್ನೊಂದು ಪ್ರತಿ. ಡ್ರೈವರ್ ರೀಬೈಂಡ್ ಮಾಡಿ ಸರಿಹೋದ ಮೇಲೆ ಮೂರನೆಯದು. ಮೊದಲನೆಯದರಲ್ಲೂ ಮೂರನೆಯದರಲ್ಲೂ ಒಂದೇ ಇದ್ದು ಎರಡನೆಯದರಲ್ಲಿ ಬೇರೆ ಇರುವ ಸಾಲುಗಳೇ ನಿಮ್ಮ ಪಟ್ಟಿ. ಎಣಿಕೆ ರಿಜಿಸ್ಟರ್‌ಗಳು, ಸಮಯದ ರಿಜಿಸ್ಟರ್‌ಗಳು ಹೀಗೆ ತಾವಾಗಿಯೇ ಉದುರಿಹೋಗುತ್ತವೆ.

ಪಟ್ಟಿ ಸಿಕ್ಕಿತು ಅಂತ ಹಳೆಯ ಡಂಪ್ ಅನ್ನು ಹಾಗೇ ವಾಪಸ್ ಸುರಿಯಬೇಡಿ. ಕೆಲವು ರಿಜಿಸ್ಟರ್‌ಗಳಲ್ಲಿ 1 ಬರೆದರೆ ಬಿಟ್ ಅಳಿಯುತ್ತದೆ, ಕೆಲವು ಓದಿದರೇ ಅಳಿಯುತ್ತವೆ, ಕೆಲವಕ್ಕೆ ಬರೆದರೆ ಒಂದು ಕೆಲಸ ಶುರುವಾಗುತ್ತದೆ. ಡೇಟಾಶೀಟ್ ನೋಡದೆ ಬರೆದರೆ ಹೊಸ ದೋಷ ಹುಟ್ಟುತ್ತದೆ.

ಅದಕ್ಕಿಂತ ಒಳ್ಳೆಯ ದಾರಿ, ಬಳಕೆದಾರ ಕೇಳಿದ ಸೆಟ್ಟಿಂಗ್‌ಗಳನ್ನೆಲ್ಲ ಡ್ರೈವರ್‌ನ ಸ್ವಂತ ಸ್ಟ್ರಕ್ಚರ್‌ನಲ್ಲಿ ಇಟ್ಟುಕೊಂಡು, ಅವುಗಳಿಂದ ಚಿಪ್ ಅನ್ನು ಮೊದಲಿನಿಂದ ಕಟ್ಟುವ ಒಂದೇ ಫಂಕ್ಷನ್ ಬರೆಯುವುದು. ಪ್ರೋಬ್, ರೆಸ್ಯೂಮ್, ರಿಸೆಟ್ ಮೂರೂ ಅದನ್ನೇ ಕರೆಯಲಿ. ಮೂರು ಕಡೆ ಮೂರು ನಕಲು ಇದ್ದರೆ, ಯಾರೋ ಹೊಸ ಸೌಲಭ್ಯ ಸೇರಿಸುವಾಗ ಒಂದು ಕಡೆ ಮರೆಯುತ್ತಾರೆ. ಮೇಲಿನ ಮ್ಯಾಕ್ ವಿಳಾಸದ ಕಥೆ ಹುಟ್ಟಿದ್ದೂ ಹಾಗೆಯೇ. ಬದಲಾವಣೆ ಮಾಡಿದ ಮೇಲೆ ಟ್ರಾಫಿಕ್ ಓಡುತ್ತಿರುವಾಗಲೇ 100 ಸಲ ರಿಸೆಟ್ ಕೊಟ್ಟು, ಪ್ರತಿ ಸಲ ಡಂಪ್ ಹೋಲಿಸುವ ಸಣ್ಣ ಸ್ಕ್ರಿಪ್ಟ್ ಓಡಿಸಿ. ಒಮ್ಮೆ ಮಾಡಿ ನೋಡಿ ಸರಿಯಿದೆ ಅಂದರೆ ಸಾಲದು.

ಯಾವಾಗ ನಿಲ್ಲಿಸಿ ಸಹಾಯ ಕೇಳಬೇಕು

ಪೂರ್ತಿ ಕರೆಂಟ್ ತೆಗೆದು ಹಾಕಿದರೂ ಕಾನ್ಫಿಗ್ ಸ್ಪೇಸ್ ಎಫ್ಎಫ್ ಆಗಿದ್ದರೆ ಅದು ಸೆಟ್ಟಿಂಗ್ ಸಮಸ್ಯೆ ಅಲ್ಲ. ಯಂತ್ರ ಆಫ್ ಮಾಡಿ, ವೈರ್ ಕಿತ್ತು, ಕಾರ್ಡ್ ಅನ್ನು ಬೇರೆ ಸ್ಲಾಟ್‌ಗೆ ಹಾಕಿ ನೋಡಿ. ಅಲ್ಲೂ ಇಲ್ಲದಿದ್ದರೆ ಕಾರ್ಡ್ ಬದಲಿಸಿ. ಲಾಗ್‌ನಲ್ಲಿ ಎಇಆರ್ ದೋಷಗಳು ಏರುತ್ತಲೇ ಇದ್ದರೆ ಮತ್ತೆ ಮತ್ತೆ ರಿಸೆಟ್ ಯಾಕೆ ಆಗುತ್ತಿದೆ ಅನ್ನುವುದು ದೊಡ್ಡ ಪ್ರಶ್ನೆ, ಲಿಂಕ್ ಅಥವಾ ಪವರ್ ಕಡೆ ನೋಡಬೇಕು. ಎನ್‌ವಿಎಂಇ ಡಿಸ್ಕ್‌ನ ಕಂಟ್ರೋಲರ್ ಬಿದ್ದಿದೆ ಅಂತ ಒಂದಕ್ಕಿಂತ ಹೆಚ್ಚು ಸಲ ಲಾಗ್‌ನಲ್ಲಿ ಕಂಡರೆ ಮೊದಲು ಡೇಟಾ ಹೊರಗೆ ತೆಗೆಯಿರಿ, ಡ್ರೈವರ್ ಆಮೇಲೆ.

ಫರ್ಮ್‌ವೇರ್ ಒಳಗೆ ಸಿಕ್ಕಿಕೊಂಡಿದೆ ಅಂತ ಖಚಿತವಾದರೆ, ಡೇಟಾಶೀಟ್ ಇಲ್ಲದ ಚಿಪ್‌ಗೆ ಊಹೆಯ ಮೇಲೆ ಬರೆಯುತ್ತಾ ಕೂರಬೇಡಿ, ತಯಾರಕರಿಗೋ ಡ್ರೈವರ್ ನೋಡಿಕೊಳ್ಳುವವರಿಗೋ ಬರೆಯಿರಿ. ಕಳಿಸುವಾಗ ಕರ್ನಲ್ ಆವೃತ್ತಿ, ಫರ್ಮ್‌ವೇರ್ ಆವೃತ್ತಿ, ರಿಸೆಟ್‌ನ ಬಗೆ, ಪೂರ್ತಿ ಲಾಗ್, ಆ ಮೂರು ಡಂಪ್‌ಗಳು, ಮತ್ತು ನಾಲ್ಕು ಪರೀಕ್ಷೆಗಳಲ್ಲಿ ಯಾವುದಕ್ಕೆ ಡಿವೈಸ್ ಬಗ್ಗಿತು ಅನ್ನುವುದನ್ನು ಸೇರಿಸಿ. ಲಾಗ್ ಅನ್ನು ಮೊದಲ ದೋಷದ ಸಾಲಿನಿಂದ ಕತ್ತರಿಸಬೇಡಿ, ಬೂಟ್ ಆದಲ್ಲಿಂದ ಕೊಡಿ. ಡಿವೈಸ್ ಸರಿಯಾಗಿದ್ದಾಗ ಹೇಗಿತ್ತು ಅನ್ನುವುದು ಆ ಮೊದಲ ಸಾಲುಗಳಲ್ಲೇ ಇರುತ್ತದೆ.